ನಂದಿಯ ನೆತ್ತಿಯಲ್ಲಿ ಒಂದು ಗೇಣು ಮಣ್ಣು

ಉತ್ತರ ಪಿನಾಕಿನಿ ನಂದಿ ಬೆಟ್ಟಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ವಿದುರಾಶ್ವತ್ಥವನ್ನು ಸವರಿಕೊಂಡು ಹಿಂದೂಪುರದ ಕಡೆಗೆ ಹೊರಡುತ್ತದೆ. ಆಂಧ್ರದ ಒಣ ಬಯಲುಗಳನ್ನೆಲ್ಲ ಹಾದು ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿ ಸೇರುವಷ್ಟರಲ್ಲಿ 597 ಕಿಲೋಮೀಟರ್ ನಡೆದಿರುತ್ತದೆ. ನಮ್ಮ ಸೀಮೆಯವರು ಅದರಲ್ಲಿ ನೀರಿಗಿಂತ ಮರಳು ಕಂಡದ್ದೇ ಹೆಚ್ಚು. ವಿದುರಾಶ್ವತ್ಥಕ್ಕೆ ನಾಗರಕಲ್ಲುಗಳಿಗೆ ಪೂಜೆ ಮಾಡಿಸಲು ಬರುವವರು, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ನೆಲಕ್ಕೆ ಕೈಮುಗಿಯಲು ಬರುವವರು ಹೊಳೆಯ ಕಡೆ ತಿರುಗಿದರೆ ವರ್ಷದ ಬಹುಪಾಲು ದಿನ ಕಾಣುವುದು ಜಾಲಿ, ಹುಲ್ಲು, ಒಣಗಿದ ಪಾತ್ರ.

ಇದೇ ನದಿಯ ಜಲಾನಯನದಲ್ಲಿ, ಬಹುದೂರ ಕೆಳಗೆ, ಆಂಧ್ರದ ಬನಗಾನಪಲ್ಲಿಯ ಹತ್ತಿರ ಜ್ವಾಲಾಪುರಂ ಎಂಬ ಹಳ್ಳಿ ಇದೆ. ಅಲ್ಲಿಯ ಜುರ್ರೇರು ಹಳ್ಳದ ನೀರು ಕುಂದೂ ನದಿಗೆ, ಕುಂದೂ ನೀರು ಪೆನ್ನಾಗೆ ಸೇರುತ್ತದೆ. ಪೆನ್ನಾ ಎಂದರೆ ನಮ್ಮ ಪಿನಾಕಿನಿಯೇ. ಜ್ವಾಲಾಪುರಂನಲ್ಲಿ ಹೊಲದ ಮಣ್ಣು ತೆಗೆದರೆ ಕೆಳಗೆ ಬೂದುಬಿಳುಪಿನ ನುಣುಪು ಹಿಟ್ಟು ಸಿಗುತ್ತದೆ. ಊರಿನವರು ಅದನ್ನು ತೋಡಿ, ಪಾತ್ರೆ ತಿಕ್ಕುವ ಪುಡಿಗೆಂದು ಮಾರುತ್ತ ಬಂದಿದ್ದಾರೆ. ಅದು ಸುಮಾರು 74,000 ವರ್ಷಗಳ ಹಿಂದೆ ಇಂಡೊನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಟೋಬಾ ಜ್ವಾಲಾಮುಖಿ ಸಿಡಿದಾಗ ಎದ್ದ ಬೂದಿ. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಗಾಳಿಯಲ್ಲಿ ತೇಲಿ ಬಂದು ಇಲ್ಲಿ ಬಿತ್ತು. ಕೆಲವು ಕಡೆ ಅದರ ದಪ್ಪ ಎರಡು ಮೀಟರಿಗೂ ಹೆಚ್ಚು. ಆಕಾಶದಿಂದ ಬಿದ್ದದ್ದು ಕೆಲವೇ ಸೆಂಟಿಮೀಟರ್ ಇದ್ದೀತು. ಸುತ್ತಲ ಇಳಿಜಾರುಗಳ ಬೂದಿಯನ್ನೆಲ್ಲ ಮಳೆ ಕೊಚ್ಚಿ ತಂದು ತಗ್ಗಿನ ನಿಂತ ನೀರಿಗೆ ಸುರಿದದ್ದರಿಂದ ಅಷ್ಟು ಬೆಳೆಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಮೈಕೇಲ್ ಪೆಟ್ರಾಗ್ಲಿಯಾ ಅವರ ತಂಡ ಆ ಬೂದಿಯ ಕೆಳಗೂ ಮೇಲೂ ಮನುಷ್ಯರ ಕಲ್ಲಿನ ಆಯುಧಗಳನ್ನು ಕಂಡಿತು. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾದ ಮೇಲೆ ಜ್ವಾಲಾಪುರಂ ಜಗತ್ತಿನ ವಿದ್ವಾಂಸರ ಬಾಯಲ್ಲಿ ಬಂತು.

ಟೋಬಾದ ಬೂದಿ ಉಪಖಂಡದ ಬಹುಭಾಗದ ಮೇಲೆ ಹರಡಿತ್ತು. ಮಹಾರಾಷ್ಟ್ರದಲ್ಲಿ, ಸೋನ್ ನದಿಯ ಕಣಿವೆಯಲ್ಲಿ ಅದರ ಪದರಗಳು ಸಿಕ್ಕಿವೆ. ನಂದಿಯ ಇಳಿಜಾರುಗಳು ಮಾತ್ರ ಅದಕ್ಕೆ ತಪ್ಪಿಸಿಕೊಂಡಿದ್ದವು ಎನ್ನಲು ಕಾರಣವಿಲ್ಲ. ಆದರೂ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಹೊಲ ಅಗೆದರೆ ಸಿಗುವುದು ಕೆಂಪು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಬಂಡೆ. ಕಡಿದಾದ ಬೆಟ್ಟ, ಬಿರುಸಾಗಿ ಹೊಡೆದು ನಿಂತುಹೋಗುವ ಮಳೆ, ತೆಳುವಾದ ಗಿಡಗಂಟೆ. ಇಂಥ ಕಡೆ ಹಗುರವಾದ ಹಿಟ್ಟು ನಿಲ್ಲುವುದಿಲ್ಲ. ಬೂದಿ ಬೀಳುವುದು ಒಂದು, ಬಿದ್ದದ್ದನ್ನು ನೆಲ ಹಿಡಿದಿಟ್ಟುಕೊಳ್ಳುವುದು ಇನ್ನೊಂದು. ಒಂದು ಕಣಿವೆಯಲ್ಲಿ ಎಂಥ ಕಾಡು ಬೆಳೆಯಬಲ್ಲದು ಎಂಬುದು ಬಹುಮಟ್ಟಿಗೆ ಈ ಎರಡನೆಯದರ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಹಿಡಿದಿಟ್ಟುಕೊಂಡ ಕಡೆ ಏನಾಗುತ್ತದೆ ಎಂದು ತಿಳಿಯಲು ಭೂಮಿಯ ಇನ್ನೊಂದು ಬದಿಗೆ ಹೋಗಬೇಕು. ಅಮೆರಿಕದ ಒರೆಗಾನ್ ರಾಜ್ಯದಲ್ಲಿದ್ದ ಮಜಾಮಾ ಎಂಬ ಪರ್ವತ ಸುಮಾರು 7,700 ವರ್ಷಗಳ ಹಿಂದೆ ಸಿಡಿದು ಕುಸಿಯಿತು. ಕುಸಿದ ಗುಂಡಿಯಲ್ಲಿ ಇಂದು ಕ್ರೇಟರ್ ಲೇಕ್ ಎಂಬ ನೀಲಿ ಸರೋವರ ನಿಂತಿದೆ. ಅದರ ಬೂದಿ ಈಶಾನ್ಯಕ್ಕೆ ಹಾರಿ ಐಡಾಹೊ, ಮಾಂಟಾನಾ ದಾಟಿ ಕೆನಡಾದವರೆಗೂ ಬಿತ್ತು. ಐಡಾಹೊದ ಉತ್ತರ ಭಾಗದ ಪರ್ವತ ಕಣಿವೆಗಳಲ್ಲಿ, ವಿಶೇಷವಾಗಿ ಬಿಸಿಲು ಕಡಿಮೆ ಬೀಳುವ ಉತ್ತರ ಮುಖದ ಇಳಿಜಾರುಗಳಲ್ಲಿ, ಆ ಬೂದಿ ಒಂದೆರಡು ಗೇಣಿನ ಹೊದಿಕೆಯಾಗಿ ಇಂದಿಗೂ ಉಳಿದಿದೆ. ಆ ಹೊದಿಕೆಯ ಮೇಲೆ ಸೀಡರ್, ಹೆಮ್ಲಾಕ್, ಗ್ರ್ಯಾಂಡ್ ಫರ್ ಮುಂತಾದ ಸೂಚಿಪರ್ಣಿ ಮರಗಳ ದಟ್ಟ ತೇವದ ಕಾಡು ಇದೆ. ಆಶ್ಚರ್ಯವೆಂದರೆ ಆ ಸೀಮೆಯ ಬೇಸಿಗೆ ಬಹಳ ಒಣ. ಜುಲೈ, ಆಗಸ್ಟ್‌ನಲ್ಲಿ ಮಳೆ ಕಡಿಮೆ, ನೀರೆಲ್ಲ ಚಳಿಗಾಲದ ಹಿಮದಿಂದ ಬರಬೇಕು. ಅದನ್ನು ತಿಂಗಳುಗಟ್ಟಲೆ ಕಾದಿಟ್ಟು ಬೇರುಗಳಿಗೆ ಕೊಡುವುದು ಆ ಬೂದಿಮಣ್ಣು. ಬೂದಿ ಕೊಚ್ಚಿಹೋದ ದಕ್ಷಿಣ ಮುಖದ ಇಳಿಜಾರುಗಳಲ್ಲಿ ಬಿಡಿಬಿಡಿಯಾದ ಪೈನ್ ಮರ, ನಡುವೆ ಹುಲ್ಲು. ಒಂದೇ ಬೆಟ್ಟದ ಎರಡು ಮಗ್ಗುಲುಗಳಲ್ಲಿ ಎರಡು ಲೋಕ.

ಬೂದಿಮಣ್ಣಿಗೆ ಈ ಗುಣ ಬರುವುದು ಹೇಗೆ? ಜ್ವಾಲಾಮುಖಿಯ ಬೂದಿ ಎಂದರೆ ಒಲೆಯ ಬೂದಿಯಲ್ಲ, ಕರಗಿದ ಕಲ್ಲು ಗಾಳಿಯಲ್ಲಿ ಚಿಮ್ಮಿ ತಟ್ಟನೆ ಆರಿ ಆದ ಗಾಜಿನ ಚೂರು. ಒಳಗಿದ್ದ ಅನಿಲ ಉಬ್ಬಿ ಹೊರಟದ್ದರಿಂದ ಒಂದೊಂದು ಚೂರೂ ಕಡ್ಲೆಪುರಿಯ ಹಾಗೆ ಟೊಳ್ಳು. ಸಾವಿರಾರು ವರ್ಷ ಮಳೆಯಲ್ಲಿ ನೆನೆದು ಆ ಗಾಜು ಕರಗಿದಾಗ ಅಲೋಫೇನ್ ಎಂಬ ಬಲು ಸಣ್ಣ ಕಣಗಳ ಖನಿಜ ಹುಟ್ಟುತ್ತದೆ. ಅದು ಎಲೆಗೊಬ್ಬರದ ಜೊತೆ ಬೆಸೆದುಕೊಂಡು ನೀರನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ಒಂದು ಲೀಟರ್ ಅಳತೆಯ ಇಂಥ ಒಣಮಣ್ಣು 900 ಗ್ರಾಂ ಕೂಡ ತೂಗುವುದಿಲ್ಲ. ನಮ್ಮ ಕೆಂಪು ಮಣ್ಣು ಅಷ್ಟೇ ಅಳತೆಗೆ ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ. ತೂಕ ಕಡಿಮೆ ಎಂದರೆ ಒಳಗೆ ಜಾಗ ಹೆಚ್ಚು. ಆ ಜಾಗವೇ ನೀರಿನ ಮನೆ.

ಆ ಮಣ್ಣಿಗೆ ಎರಡು ಕಷ್ಟಗಳಿವೆ. ರಂಜಕವನ್ನು ಅದು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದರೆ ಮರಗಳು ಬೇರಿನ ಶಿಲೀಂಧ್ರಗಳ ನೆರವಿಲ್ಲದೆ ಅದನ್ನು ಬಿಡಿಸಿಕೊಳ್ಳಲಾರವು. ಎರಡನೆಯದು, ಅದು ತುಳಿತ ತಾಳದು. ಮರ ಕಡಿಯುವ ಭಾರಿ ಯಂತ್ರಗಳು ಒಮ್ಮೆ ಓಡಾಡಿದರೆ ಟೊಳ್ಳುಗಳು ಅಪ್ಪಚ್ಚಿಯಾಗುತ್ತವೆ, ಮತ್ತೆ ಉಬ್ಬಿಕೊಳ್ಳಲು ದಶಕಗಳು ಬೇಕು. ಉತ್ತರ ಐಡಾಹೊದಲ್ಲಿ ಕಾಡು ಕಡಿದ ಕೆಲವು ಕಡೆ ಬ್ರ್ಯಾಕನ್ ಎಂಬ ಜರೀಗಿಡ ಹಬ್ಬಿ ಮಣ್ಣಿನ ರಸಾಯನವನ್ನೇ ಬದಲಿಸಿದೆ. ಫರ್ ಸಸಿಗಳು ಅಲ್ಲಿ ಮತ್ತೆ ತಲೆ ಎತ್ತಲು ಹೆಣಗುತ್ತಿವೆ.

ನಮ್ಮ ನೆಲದ ಚರಿತ್ರೆ ಬೇರೆ. ಹಾಗೆಂದು ಇಲ್ಲಿ ಜ್ವಾಲಾಮುಖಿಯೇ ಇರಲಿಲ್ಲ ಎನ್ನುವಂತಿಲ್ಲ. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. ಅದೇ ಕೋಲಾರದ ಚಿನ್ನದ ಗಣಿ ಸೀಮೆಯ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಉಗುಳಿದ ಚೂರುಗಳೇ ಗಟ್ಟಿಯಾಗಿ ಆದ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಆ ಸೀಮೆಯ ವಯಸ್ಸು ಸುಮಾರು 270 ಕೋಟಿ ವರ್ಷ. ಅದು ಸಿಡಿದಾಗ ಭೂಮಿಯ ಮೇಲೆ ಮರವಿರಲಿ, ಹುಲ್ಲುಕಡ್ಡಿಯೂ ಇರಲಿಲ್ಲ. ಉತ್ತರ ಕರ್ನಾಟಕದ ಬೀದರ, ಕಲಬುರಗಿ, ವಿಜಯಪುರಗಳ ಎರೆಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಬಂಡೆಯಿಂದ ಬಂದದ್ದು. ನೀರು ಹಿಡಿಯುವುದರಲ್ಲಿ ಅದು ಬಲಶಾಲಿ. ಹಿಂಗಾರಿನ ಜೋಳ ಒಂದೇ ಹದದ ಮೇಲೆ ಬೆಳೆಯುವುದು ಅದರಿಂದಲೇ. ಗೌರಿಬಿದನೂರಿನ ನೆಲವೋ ಪುರಾತನ, ನಿಶ್ಶಬ್ದ. ಇಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರ ಎಂದು ಕರೆಯುವ ಸಂಸ್ಥೆ 1965ರಲ್ಲಿ ತನ್ನ ಭೂಕಂಪಮಾಪಕಗಳ ಸಾಲನ್ನು ಇಲ್ಲಿ ಸ್ಥಾಪಿಸಲು ಈ ಗಟ್ಟಿ, ಅಲುಗದ ಬಂಡೆಯೂ ಒಂದು ಕಾರಣ. ಟೋಬಾ ಇರುವ ಸುಮಾತ್ರಾ ಇಂದು ನಡುಗಿದರೆ ಅದನ್ನು ಕೇಳಿಸಿಕೊಳ್ಳಬಲ್ಲ ಕಿವಿಗಳು ವಿದುರಾಶ್ವತ್ಥದ ನೆರೆಯಲ್ಲೇ ಇವೆ.

ಈ ಬಂಡೆ ಸವೆದು ಆದ ಕೆಂಪು ಮಣ್ಣಿನಲ್ಲಿ ಮರಳಿನಂಶ ಹೆಚ್ಚು, ಜೇಡಿ ಕಡಿಮೆ, ಇರುವ ಜೇಡಿಗೂ ನೀರು ಹಿಡಿಯುವ ಕಸುವು ಸಾಲದು. ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ಇಷ್ಟರಲ್ಲಿ ಬದುಕುವುದು ಕುರುಚಲು ಕಾಡು: ಬಂದರೆ, ಕವಳಿ, ಕಾರೆ, ಕಕ್ಕೆ, ಸೀತಾಫಲ, ಅಲ್ಲಲ್ಲಿ ದಿಂಡಿಗ, ಶ್ರೀಗಂಧ. ಮುಳ್ಳು, ಚಿಕ್ಕ ಎಲೆ, ಬೇಸಿಗೆಗೆ ಎಲೆ ಉದುರಿಸುವ ರೂಢಿ. ಸ್ಕಂದಗಿರಿ, ಚನ್ನಗಿರಿ, ನಂದಿ, ಎಲ್ಲದರ ಬುಡದಲ್ಲೂ ಇದೇ ಕಾಡು.

ನಂದಿಯ ನೆತ್ತಿ ಮಾತ್ರ ಬೇರೆ. ಗೌರಿಬಿದನೂರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದರೆ ನಂದಿಯ ತುದಿ 1,478 ಮೀಟರ್. ಆ ಎತ್ತರದಲ್ಲಿ ಬಯಲಿಗಿಂತ ನಾಲ್ಕೈದು ಡಿಗ್ರಿ ತಂಪು. ಮುಂಗಾರಿನ ಮೋಡಗಳು ಬೆಟ್ಟವನ್ನು ಹೊಕ್ಕೇ ಸಾಗುತ್ತವೆ, ಚಳಿಗಾಲದ ಬೆಳಗುಗಳಲ್ಲಿ ಮಂಜು ತುಂಬಿಕೊಳ್ಳುತ್ತದೆ. ಮಂಜಿನ ಹನಿಗಳು ತಾವಾಗಿ ಬೀಳಲಾರದಷ್ಟು ಸಣ್ಣವು. ಎಲೆಗೆ, ರೆಂಬೆಗೆ, ಪಾಚಿಗೆ ತಗುಲಿದಾಗ ಕೂಡಿಕೊಂಡು ದಪ್ಪವಾಗಿ ಬುಡಕ್ಕೆ ತೊಟ್ಟಿಕ್ಕುತ್ತವೆ. ಮಳೆಮಾಪಕ ಲೆಕ್ಕ ಇಡದ ಈ ನೀರು ನೆತ್ತಿಯ ಕಾಡಿಗೆ ಸಿಗುತ್ತದೆ, ಅದೂ ಮಳೆಯಿಲ್ಲದ ತಿಂಗಳಲ್ಲಿ. ಆದ್ದರಿಂದ ಅಲ್ಲಿ ಎಲೆ ಉದುರಿಸದ ಮರಗಳಿವೆ, ತೊಗಟೆಯ ಮೇಲೆ ಪಾಚಿ, ಕಲ್ಲುಹೂವು, ನೆರಳಿನಲ್ಲಿ ಜರೀಗಿಡ. ಕಾಲಿಟ್ಟರೆ ಮೆತ್ತಗಿನ ಕಪ್ಪು ಎಲೆಮಣ್ಣು. ಅದರ ಕೆಳಗೆ, ಬಹುತೇಕ ಕಡೆ ಒಂದೆರಡು ಗೇಣು ಆಳದಲ್ಲಿ, ಬಂಡೆ.

ಐಡಾಹೊದ ಸೀಡರ್ ಕಾಡನ್ನೂ ಈ ಪುಟ್ಟ ಕಾಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು ಎನ್ನಿಸುವುದು ಇಲ್ಲಿಯೇ. ಮರಗಳು ಬೇರೆ, ಶಿಲೆ ಬೇರೆ, ಹವೆ ಬೇರೆ. ಎರಡೂ ಒಣ ಬೇಸಿಗೆಯ ನಾಡಿನಲ್ಲಿ ತೇವದ ದ್ವೀಪಗಳು. ಎರಡಕ್ಕೂ ಆಧಾರ ಒಂದು ತೆಳು ಹೊದಿಕೆ. ಅಲ್ಲಿ ಅದನ್ನು ಜ್ವಾಲಾಮುಖಿ ಒಮ್ಮೆಗೇ ಹಾಸಿಕೊಟ್ಟಿತು, ಇಲ್ಲಿ ಕಾಡು ತಾನೇ ತರಗೆಲೆ ಕೊಳೆಯಿಸಿ ವರ್ಷಕ್ಕೆ ಕೂದಲೆಳೆಯಷ್ಟು ಕಟ್ಟಿಕೊಳ್ಳುತ್ತ ಬಂತು. ಮಜಾಮಾ ಸಿಡಿದ ಕಾಲಕ್ಕೆ ನಮ್ಮ ಉಪಖಂಡದ ಮುಂಗಾರು ಈಗಿನದಕ್ಕಿಂತ ಬಲವಾಗಿತ್ತು. ತೇವದ ಕಾಡು ಆಗ ಇನ್ನಷ್ಟು ಹರಡಿದ್ದು, ಮಳೆ ಕುಗ್ಗಿದ ಹಾಗೆ ಬೆಟ್ಟದ ತುದಿಗಳಿಗೆ ಹಿಂಜರಿದಿರಬಹುದು ಎಂಬ ಊಹೆಗೆ ಹಕ್ಕಿಗಳ ಸಾಕ್ಷಿ ಸ್ವಲ್ಪ ಬಲ ಕೊಡುತ್ತದೆ. ಪಶ್ಚಿಮಘಟ್ಟದ ನಿತ್ಯಹಸಿರು ಕಾಡಿನ ನೀಲಗಿರಿ ಕಾಡುಪಾರಿವಾಳ ಘಟ್ಟದಿಂದ ಇಷ್ಟು ದೂರದ ನಂದಿಯಲ್ಲೂ ನೆಲೆಸಿದೆ. ನಡುವಿನ ಬಯಲಿನಲ್ಲಿ ಅದಕ್ಕೆ ತಂಗಲು ಕಾಡಿಲ್ಲ. ಇದೇ ಬೆಟ್ಟದ ಕೆಳಗಿನ ಬಂಡೆ-ಕುರುಚಲಿನಲ್ಲಿ ದಕ್ಷಿಣ ಭಾರತದ ಒಣಬೆಟ್ಟಗಳಲ್ಲಿ ಮಾತ್ರ ಕಾಣುವ ಹಳದಿ ಕತ್ತಿನ ಪಿಕಳಾರ ಇದೆ. ಅದು ಅಳಿವಿನ ಭಯದಲ್ಲಿರುವ ಹಕ್ಕಿ. ತೇವದ ಹಕ್ಕಿಯೂ ಒಣ ಹಕ್ಕಿಯೂ ಒಂದೇ ಬೆಟ್ಟದಲ್ಲಿ, ಕೆಲವು ನೂರು ಮೀಟರ್ ಏರಿಳಿತದಲ್ಲಿ ಬದುಕುತ್ತಿವೆ. ಹಿಮಾಲಯದಿಂದ ಚಳಿಗಾಲ ಕಳೆಯಲು ಬರುವ ನೆಲಸಿಳ್ಳಾರಗಳು ಆ ನೆತ್ತಿಯ ತರಗೆಲೆಯನ್ನೇ ಕೆದಕಿ ಹುಳು ಹುಡುಕುತ್ತವೆ.

ಸೂಚಿಪರ್ಣಿಗಳ ಮಾತೂ ಬರಲಿ. ದಕ್ಷಿಣ ಭಾರತದ ಮೂಲನಿವಾಸಿ ಸೂಚಿಪರ್ಣಿ ಎಂದರೆ ಒಂದೇ, ಪೊಡೊಕಾರ್ಪಸ್ ಕುಟುಂಬದ ಮರ. ಅದಕ್ಕೆ ಸೂಜಿ ಎಲೆಯೂ ಇಲ್ಲ, ಅಗಲ ಎಲೆ. ಪಶ್ಚಿಮಘಟ್ಟದ ದಕ್ಷಿಣ ಭಾಗದ ಮಳೆಕಾಡಿನಲ್ಲಿ ಅಲ್ಲಲ್ಲಿ ಉಳಿದಿದೆ. ಬೆಂಗಳೂರಿನ ಲಾಲ್‌ಬಾಗಿನ ಅರೌಕೇರಿಯಾ ಹೊರಗಿನಿಂದ ತಂದು ನೆಟ್ಟದ್ದು. ನಮ್ಮ ಹಳ್ಳಿಗಳಲ್ಲಿ ಪೈನ್ ಎಂದು ಕಣ್ಣಿಗೆ ಮೋಸ ಮಾಡುವ ಸರ್ವೆ ಮರ ಸೂಚಿಪರ್ಣಿಯೇ ಅಲ್ಲ. ಸೂಜಿಯ ಹಾಗೆ ಕಾಣುವುದು ಅದರ ಗೆಣ್ಣುಗೆಣ್ಣಿನ ಎಳೆ ಕಡ್ಡಿ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಸಹಾಯದಿಂದ ಗಾಳಿಯ ಸಾರಜನಕ ಹಿಡಿಯುತ್ತದೆ, ಬಡ ನೆಲದಲ್ಲೂ ಬರುತ್ತದೆ.

ಬಂಡೆಯ ಮೇಲೆ ಮಣ್ಣು ಹುಟ್ಟುವ ಬಗೆಯನ್ನು ನೋಡಲು ಇಲ್ಲಿಯ ಯಾವ ಗುಡ್ಡವಾದರೂ ಆದೀತು. ಬರಿಬಂಡೆಯ ಮೇಲಿನ ಕಪ್ಪು ಗೆರೆಗಳು ಮಳೆನೀರು ಇಳಿಯುವ ದಾರಿಯಲ್ಲಿ ಬದುಕುವ ಸೂಕ್ಷ್ಮ ನೀಲಿಹಸಿರು ಜೀವಿಗಳು. ತಗ್ಗಿನಲ್ಲಿ ದೊಣೆ, ದೊಣೆಯ ತಳದಲ್ಲಿ ಒಂದು ಬೆರಳು ಕೆಸರು. ಕೆಸರಿಗೆ ಪಾಚಿ, ಪಾಚಿಗೆ ಹುಲ್ಲು. ಬೇಸಿಗೆಯಲ್ಲಿ ಮುದುಡಿ ಸತ್ತಂತೆ ಬಿದ್ದು ಮೊದಲ ಮಳೆಗೆ ಬಿಚ್ಚಿಕೊಳ್ಳುವ ಸಂಜೀವಿನಿ. ಬಿರುಕಿನಲ್ಲಿ ಹಕ್ಕಿ ಹಾಕಿದ ಹಿಕ್ಕೆಯಿಂದ ಮೊಳೆತ ಅತ್ತಿ, ಬಸರಿ, ಆಲ, ಅಶ್ವತ್ಥ. ಇವುಗಳ ಬೇರು ಬಂಡೆಯ ಬಿರುಕನ್ನು ಹಿಡಿದು ಅಡಿಗಟ್ಟಲೆ ಕೆಳಗಿನ ತೇವಕ್ಕೆ ಇಳಿಯುತ್ತದೆ. ಮಣ್ಣಿಲ್ಲದ ಕಡೆ ಮರ ಮಾಡಿಕೊಳ್ಳುವ ಏರ್ಪಾಡು ಇದು. ವಿದುರ ನೆಟ್ಟನೆಂದು ಜನ ನಂಬಿದ್ದ ಅಶ್ವತ್ಥ 2001ರಲ್ಲಿ ಬಿದ್ದಿತು, ಆದರೆ ಅದರ ಕುಲದವು ಈ ಜಿಲ್ಲೆಯ ಬಂಡೆಬಂಡೆಯಲ್ಲಿ ಇವೆ. ಅವುಗಳ ಹಣ್ಣು ಒಂದೇ ಸಲ ಮುಗಿಯುವುದಿಲ್ಲ. ಒಂದು ಮರವಲ್ಲದಿದ್ದರೆ ಇನ್ನೊಂದು ವರ್ಷವಿಡೀ ಬಿಡುತ್ತಿರುತ್ತದೆ. ಕಾಡುಪಾರಿವಾಳದಿಂದ ಬಾವಲಿಯವರೆಗೆ ಎಷ್ಟೋ ಜೀವಿಗಳು ಬೇಸಿಗೆ ದಾಟುವುದು ಅವುಗಳಿಂದ.

ನೀಲಗಿರಿ ತೋಪಿನ ಪ್ರಶ್ನೆಯನ್ನೂ ಮಣ್ಣಿನ ಆಳದ ಪ್ರಶ್ನೆಯಾಗಿಯೇ ನೋಡಬೇಕು. ಟಿಪ್ಪು ಸುಲ್ತಾನ 1790ರ ಸುಮಾರಿಗೆ ನಂದಿಯಲ್ಲಿ ಆಸ್ಟ್ರೇಲಿಯಾದ ಈ ಮರದ ಬೀಜ ಹಾಕಿಸಿದ, ಭಾರತಕ್ಕೆ ಅದು ಬಂದದ್ದೇ ಹಾಗೆ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತ ಬಂದಿವೆ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕೋಲಾರ, ಚಿಕ್ಕಬಳ್ಳಾಪುರ, ಹೊಸಕೋಟೆಗಳ ರಾಗಿ ಹೊಲಗಳು ನೀಲಗಿರಿ ತೋಪುಗಳಾಗಿದ್ದವು. ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ನಡೆಸಿ 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಳತೆಗಳು ಸ್ಪಷ್ಟವಾಗಿವೆ. ಮಣ್ಣು ತೆಳುವಾಗಿದ್ದ ಕಡೆ ನೀಲಗಿರಿ ಕುಡಿದ ನೀರು ಸ್ಥಳೀಯ ಕಾಡು ಕುಡಿಯುವಷ್ಟೇ. ಹೊಸಕೋಟೆಯ ಆಳದ ಮಣ್ಣಿನಲ್ಲಿ ಮಾತ್ರ ಆ ಎಳೆಯ ತೋಪು ಸುರಿದ ಮಳೆಗಿಂತ ಹೆಚ್ಚು ನೀರು ಎಳೆಯಿತು. ಅಂದರೆ ಹಿಂದಿನ ವರ್ಷಗಳಲ್ಲಿ ನೆಲ ಕೂಡಿಟ್ಟಿದ್ದ ಗಂಟಿಗೆ ಬೇರು ಇಳಿಸಿತು. ಕೆರೆಗಳು ಬರಿದಾಗಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದಕ್ಕೆ ನೀಲಗಿರಿಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಪಂಪು, ಬೆಳೆ, ಹೂಳು ತುಂಬಿದ ಕಾಲುವೆ ಎಲ್ಲವೂ ಸೇರಿವೆ. ಆದರೂ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಯುವುದನ್ನು ನಿಷೇಧಿಸಿದ್ದು ಈ ಸೀಮೆಯ ಮಟ್ಟಿಗೆ ಸರಿಯಾದ ನಿರ್ಧಾರ.

ನಮ್ಮ ಹಿರಿಯರು ಕೊಚ್ಚಿಹೋಗುವ ಮಣ್ಣನ್ನು ಹಿಡಿಯಲು ಕಂಡುಕೊಂಡ ದಾರಿ ಕೆರೆ. ಬೆಟ್ಟದಿಂದ ಇಳಿದ ನುಣ್ಣನೆಯ ಮಣ್ಣೆಲ್ಲ ಕೆರೆಯಲ್ಲಿ ಗೋಡಾಗಿ ಕೂರುತ್ತಿತ್ತು. ಬೇಸಿಗೆಯಲ್ಲಿ ಅದನ್ನು ಗಾಡಿಯಲ್ಲಿ ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಜ್ವಾಲಾಪುರಂನ ತಗ್ಗು ಟೋಬಾ ಬೂದಿಗೆ ಮಾಡಿದ ಕೆಲಸವನ್ನೇ ನಮ್ಮ ಕೆರೆ ಬೆಟ್ಟದ ಮಣ್ಣಿಗೆ ಮಾಡಿತು. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ತಲಪರಿಗೆ ಎಂಬ ಒರತೆಗಳು ಬೇಸಿಗೆಯಲ್ಲೂ ಜಿನುಗಿದ್ದು ಮರಳು ಹಿಡಿದಿಟ್ಟ ನೀರಿನಿಂದ.

2021ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಬಿರುಮಳೆ ಸುರಿದು ನಂದಿಯ ಇಳಿಜಾರು ಕುಸಿಯಿತು, ಮಣ್ಣು ಮತ್ತು ಬಂಡೆಗಳು ಬೆಟ್ಟದ ರಸ್ತೆಯನ್ನು ಕೊಚ್ಚಿಕೊಂಡು ಹೋದವು. ಪ್ರವಾಸಿಗರಿಗೆ ಕೆಲವು ತಿಂಗಳು ದಾರಿ ಇರಲಿಲ್ಲ. ರಸ್ತೆಯನ್ನು ಮತ್ತೆ ಮಾಡಿದರು. ಜಾರಿಹೋದ ಮಣ್ಣನ್ನು ಮಾಡಲು ಯಾವ ಇಲಾಖೆಗೂ ಆಗದು. ನುಣುಪು ಬಂಡೆಯ ಮೇಲೆ ಕೂತ ತೆಳು ಮಣ್ಣಿಗೆ ಹಿಡಿತ ಎಂದರೆ ಬೇರು ಮಾತ್ರ. ಬೇಸಿಗೆಯ ಬೆಂಕಿ ಆ ಬೇರನ್ನೂ ಅದರ ಮೇಲಿನ ತರಗೆಲೆಯನ್ನೂ ಸುಡುತ್ತದೆ. ಸುಟ್ಟ ಜಾಗಕ್ಕೆ ಲಂಟಾನ ಮೊದಲು ಬರುತ್ತದೆ, ಐಡಾಹೊದ ಬ್ರ್ಯಾಕನ್‌ನಂತೆಯೇ ಬೇರೆಯವರಿಗೆ ಜಾಗ ಬಿಡುವುದಿಲ್ಲ. ವಾರಾಂತ್ಯದ ಜನ ಹಾದಿ ಬಿಟ್ಟು ತುಳಿದ ಕಡೆ ಎಲೆಮಣ್ಣು ಒತ್ತಿ ಗಟ್ಟಿಯಾಗುತ್ತದೆ, ನೀರು ಇಂಗದೆ ಹರಿಯುತ್ತದೆ, ಹರಿದ ನೀರು ಕೊರಕಲು ಮಾಡುತ್ತದೆ.

ಆದ್ದರಿಂದ ನಂದಿಗೆ ಬೇಕಾದ್ದು ಹೊಸ ಉದ್ಯಾನವಲ್ಲ. ನೆತ್ತಿಯ ಕಾಡಿನೊಳಗೆ ಗುಡಿಸುವುದೂ ತರಗೆಲೆ ರಾಶಿ ಹಾಕಿ ಸುಡುವುದೂ ನಿಲ್ಲಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬುಡದ ಹಳ್ಳಿಗಳ ಯುವಕರಿಗೆ ಕೂಲಿ ಕೊಟ್ಟು ಬೆಂಕಿ ಕಾಯಿಸಬೇಕು. ಲಂಟಾನವನ್ನು ಒಮ್ಮೆಗೇ ಕಿತ್ತು ನೆಲ ಬೋಳು ಮಾಡದೆ ತುಂಡುತುಂಡಾಗಿ ತೆಗೆದು ಅಲ್ಲಲ್ಲೇ ಅತ್ತಿ, ಬಸರಿ, ನೇರಳೆ ಸಸಿ ಕೂರಿಸಬೇಕು. ಜೊತೆಗೆ ಅಳೆಯಬೇಕು. ಗೌರಿಬಿದನೂರಿನ ಪಕ್ಕದ ಹೊಸೂರು ಎಚ್. ನರಸಿಂಹಯ್ಯನವರ ಊರು. ಹಳ್ಳಿಯ ಮಕ್ಕಳೂ ವಿಜ್ಞಾನವನ್ನು ಕೈಯಾರೆ ಮಾಡಬೇಕು ಎಂದು ದುಡಿದ ಅವರ ಸೀಮೆಯಲ್ಲಿ ಇದು ಕಷ್ಟದ ಕೆಲಸವಲ್ಲ. ಒಂದು ಕಬ್ಬಿಣದ ಉಂಗುರವನ್ನು ಮಣ್ಣಿಗೆ ಇಳಿಸಿ, ಅದರೊಳಗಿನ ಮಣ್ಣನ್ನು ಹಸಿಯಾಗಿ ಒಮ್ಮೆ, ಒಣಗಿಸಿ ಒಮ್ಮೆ ತೂಗಿದರೆ ಅದು ಎಷ್ಟು ಹಗುರ, ಎಷ್ಟು ನೀರು ಹಿಡಿದಿತ್ತು ಎಂದು ತಿಳಿಯುತ್ತದೆ. ಮರದಡಿ ಒಂದು ಮಳೆಮಾಪಕ, ಬಯಲಿನಲ್ಲಿ ಒಂದು ಇಟ್ಟರೆ ಮಳೆಯಿಲ್ಲದ ದಿನ ಮಂಜು ತೊಟ್ಟಿಕ್ಕಿಸಿದ ನೀರಿನ ಲೆಕ್ಕ ಸಿಗುತ್ತದೆ. ಜನವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ, ಕಾಡಿನೊಳಗೆ, ತುಳಿದ ಹಾದಿಯಲ್ಲಿ, ಸುಟ್ಟ ಜಾಗದಲ್ಲಿ, ಕೆಳಗಿನ ರಾಗಿ ಹೊಲದಲ್ಲಿ ಈ ಅಳತೆ ತೆಗೆಯುವುದಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಇರುವ ತಕ್ಕಡಿ ಮತ್ತು ಒಲೆ ಸಾಕು.